ಅಜೀಮ ಪಿಸ್ತೂಲು ಆರಿಸಿದ್ದು

ಹೆಂಡತಿ ನಸ್ರೀನಳಿಗೆ ಒಂದು ಪಿಸ್ತೂಲು ಕೊಡಿಸಬೇಕೆಂದು ಅಜೀಮ ಊಟಕ್ಕೆ ಕೂತಾಗ ಹೇಳಿದ. ಅವನ ತಾಯಿ ಖಾಸೀಂಬಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಯಾರಿಗೆ ಹೊಡೀತಾಳ?"

"ಕಾಗದಕ್ಕ, ಅಮ್ಮಾ."

"ಕಾಗದ ಏನ್ ಮಾಡ್ಯದ?"

ನಸ್ರೀನ ತಲೆ ಬಗ್ಗಿಸಿ ಪಲ್ಯ ಬಡಿಸಿದಳು.

ನಸ್ರೀನ ಅಫಜಲಪುರದಲ್ಲಿ ಸ್ಟಾಫ್ ನರ್ಸು. ವಯಸ್ಸು ನಲವತ್ತೊಂದು. ಕೊರೊನಾ ಲಸಿಕೆಯ ಕಾಲದಲ್ಲಿ ಅವಳನ್ನು ಎರಡು ವಾರ ಆಳಂದದ ಶಿಬಿರಕ್ಕೆ ಹಾಕಿದ್ದರು. ಅಲ್ಲಿ ಸೂಜಿ ಹಾಕಿಸಿಕೊಳ್ಳಲು ಬಂದವರಲ್ಲಿ ದೇವೀಂದ್ರಪ್ಪ ಎಂಬ ನಿವೃತ್ತ ಹವಾಲ್ದಾರರೂ ಇದ್ದರು. ಸೂಜಿ ಹಾಕಿಸಿಕೊಂಡ ಮೇಲೆ ಅರ್ಧ ತಾಸು ಕೂತು ಹೋಗಬೇಕೆಂಬ ನಿಯಮವಿತ್ತು. ಅವರು ಮೂರು ತಾಸು ಕೂತರು. ಸಂಜೆ ಕೊನೆಯ ಮನುಷ್ಯ ಎದ್ದು ಹೋದ ಮೇಲೆ ಬಂದು ಹೇಳಿದರು:

"ಸಿಸ್ಟರ್, ಮುಂಜಾನಿಂದ ಎಷ್ಟ್ ಮಂದಿಗೆ ಚುಚ್ಚೀರಿ?"

"ಇನ್ನೂರಾ ಹನ್ನೊಂದ್ರಿ."

"ಕಡೀದು ಚುಚ್ಚುವಾಗೂ ನಿಮ್ಮ ಕೈ ನಡಗಲಿಲ್ಲ. ಆಯಿತವಾರ ನನ್ನ ರೇಂಜಿಗೆ ಬರ್ರಿ."

ರೇಂಜು ಎಂದರೆ ಆಳಂದದಲ್ಲಿ ಮುಚ್ಚಿ ಹೋಗಿದ್ದ ತೊಗರಿ ಬೇಳೆ ಮಿಲ್ಲಿನ ಗೋದಾಮು. ಗೋಡೆಗೆ ಸುಣ್ಣ ಬಳಿದು, ಹತ್ತು ಮೀಟರ್ ಅಳೆದು, ಆ ತುದಿಗೆ ನಾಲ್ಕು ಗುರಿಹಲಗೆ ನಿಲ್ಲಿಸಿದ್ದರು. ಗುರಿಯ ಕಾಗದದ ನಡುವೆ ಹತ್ತು ಅಂಕದ ಚುಕ್ಕಿ ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಪಿಸ್ತೂಲು ಎತ್ತಿ, ನಿಂತು, ಅರವತ್ತು ಗುಂಡು ಹೊಡೆಯಬೇಕು. ಎಲ್ಲವೂ ಚುಕ್ಕಿಗೆ ಬಿದ್ದರೆ ಆರುನೂರು. ಪಿಸ್ತೂಲು ಮದ್ದಿನದಲ್ಲ, ಒತ್ತಿ ತುಂಬಿದ ಗಾಳಿಯದು. ಕ್ಲಬ್ಬಿಗೆ ಇದ್ದದ್ದು ಒಂದೇ ಹಳೆಯ ಪಿಸ್ತೂಲು. ಅದರಲ್ಲಿ ಏಳು ಮಂದಿ ಸರದಿಯಲ್ಲಿ ಹೊಡೆಯುತ್ತಿದ್ದರು. ಎರಡು ವರ್ಷದಲ್ಲಿ ನಸ್ರೀನ ಅದರಲ್ಲಿ ಐನೂರ ಇಪ್ಪತ್ತಕ್ಕೆ ಬಂದು ನಿಂತಳು. ಅಲ್ಲಿಂದ ಮುಂದೆ ಕದಲಲಿಲ್ಲ.

"ಇನ್ನ ಸ್ವಂತದ್ದ ಒಂದು ಬೇಕ್ರಿ," ಎಂದರು ದೇವೀಂದ್ರಪ್ಪ. "ಜರ್ಮನಿದು ತಗೋರಿ, ಇಲ್ಲಾ ಚೀನಾದು ತಗೋರಿ. ಅಜೀಮಭಾಯಿಗೆ ಕೇಳ್ರಿ, ಅವರು ಮಿಷನ್ ಮನುಷ್ಯಾರು."

ಈ ಒಂದು ಮಾತು ಅಜೀಮನ ಹದಿನಾಲ್ಕು ತಿಂಗಳನ್ನು ತಿಂದಿತು.

ಅಜೀಮನದು ಬಸ್ ಸ್ಟ್ಯಾಂಡಿನ ಹಿಂದೆ ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ. ಭೀಮಾ ದಂಡೆಯ ಅರ್ಧ ರೈತರು ಹೊಸ ಪಂಪು ತರುವ ಮೊದಲು ಅವನನ್ನು ಕೇಳುತ್ತಿದ್ದರು. ಅವನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಹೆಸರಿಂದು ತಂದ್ರ ಹತ್ತು ವರ್ಷಕ್ಕ ಒಮ್ಮಿ ನನ್ನ ಹತ್ರ ಬರ್ತೀರಿ. ಅಗ್ಗದ್ದು ತಂದ್ರ ವರ್ಷಾ ಬರ್ತೀರಿ. ನನಗಂತೂ ಅಗ್ಗದ್ದು ಛಲೋ." ಇಷ್ಟು ಹೇಳಲು ಅವನಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಸ್ವಂತ ಹೆಂಡತಿಯ ವಿಷಯ ಬಂದಾಗ ಆ ಅರ್ಧ ನಿಮಿಷ ಸಾಲಲಿಲ್ಲ.

ಅವನು ಮೊಬೈಲಿನಲ್ಲಿ ವಿಡಿಯೋ ನೋಡಿದ. ಇಂಗ್ಲಿಷಿನವು ತಿಳಿಯದಿದ್ದರೆ ಕೈಗಳನ್ನು ನೋಡಿದ. ಒಂದು ಜರ್ಮನಿಯ ದುಡ್ಡಿಗೆ ಮೂರು ಚೀನಾ ಬರುತ್ತಿದ್ದವು, ಅದು ಸರಿ. ಆದರೆ ಜರ್ಮನಿಯದಕ್ಕೆ ಹಿಡಿ ಕೈಯ ಅಳತೆಗೆ ಸಿಗುತ್ತದೆ, ಸಣ್ಣದು, ನಡುವಿನದು, ದೊಡ್ಡದು. ಚೀನಾದ್ದಕ್ಕೆ ಒಂದೇ ಅಳತೆ, ಅದೂ ಯಾರೋ ಪೈಲ್ವಾನನ ಕೈ ನೋಡಿ ಮಾಡಿದಂತಿತ್ತು. ಜರ್ಮನಿಯದಕ್ಕೆ ಬಿಡಿಭಾಗ ದೇಶದಲ್ಲೇ ಸಿಗುತ್ತವೆ. ಚೀನಾದ್ದಕ್ಕೆ ಸಿಕ್ಕರೆ ಸಿಕ್ಕವು. ಮೂರನೆಯ ದಾರಿಯೂ ಇತ್ತು, ಹಳೆಯ ಜರ್ಮನಿ ಕೊಳ್ಳುವುದು. ಆದರೆ ಗಾಳಿ ತುಂಬುವ ಸಿಲಿಂಡರಿಗೆ ಹತ್ತು ವರ್ಷದ ಆಯುಷ್ಯ. ಹಳೆಯದರ ಸಿಲಿಂಡರು ಮುದಿಯಾಗಿದ್ದರೆ ಸ್ಪರ್ಧೆಯಲ್ಲಿ ಒಳಗೆ ಬಿಡುವುದಿಲ್ಲ.

ಇದನ್ನೆಲ್ಲ ಅಜೀಮ ಹೆಂಡತಿಗೆ ಹೇಳುತ್ತಿದ್ದ. ಹೆಚ್ಚಾಗಿ ಹೇಳುತ್ತಿದ್ದದ್ದು ಬೆಳಿಗ್ಗೆ, ಅವಳು ಖಾಲಿ ಗೋಡೆಯ ಮುಂದೆ ಪಿಸ್ತೂಲಿನಷ್ಟೇ, ಒಂದು ಕಿಲೋ ತೂಕದ ಇಸ್ತ್ರಿ ಪೆಟ್ಟಿಗೆ ಹಿಡಿದು ತೋಳು ಚಾಚಿ ನಿಂತಾಗ. ಅದು ಅವಳ ಅಭ್ಯಾಸದ ಹೊತ್ತು. ಆಗ ಅವಳು ಮಾತಾಡುತ್ತಿರಲಿಲ್ಲ. ಕೇಳುತ್ತಿದ್ದಾಳೆಂದು ಅವನು ತಿಳಿದುಕೊಂಡಿದ್ದ.

ಹದಿಮೂರನೆಯ ತಿಂಗಳಿಗೆ ಅವಳು ಕೇಳಿದಳು, "ಏನ್ರಿ, ನನ್ನ ರಿಟೈರ್‌ಮೆಂಟ್ ಒಳಗ ಬರ್ತದೇನು?"

ಮುಂದಿನ ತಿಂಗಳು ಅವನು ಚೀನಾದ್ದನ್ನು ತರಿಸಿದ. ಕಾರಣ ಕೇಳಿದ ದೇವೀಂದ್ರಪ್ಪನವರಿಗೆ ಹೇಳಿದ್ದು ಇಷ್ಟು: "ಸರ, ಜರ್ಮನಿದು ತಂದ್ರ ನಾ ಏನ್ ಮಾಡ್ಲಿ?"

ಮಾಡುವುದು ಬೇಕಾದಷ್ಟಿತ್ತು. ಮೊದಲ ವಾರವೇ ಗಾಳಿ ಸೋರಿತು. ಪಿಸ್ತೂಲನ್ನು ಅಂಗಡಿಗೆ ಒಯ್ದು, ಪಂಕ್ಚರ್ ನೋಡುವವರ ಹಾಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿದ. ಒಳಗಿನ ರಬ್ಬರ್ ಉಂಗುರ ಸರಿಯಿರಲಿಲ್ಲ. ಕಲಬುರಗಿಯಿಂದ ಅದೇ ಅಳತೆಯ ಒಳ್ಳೆಯ ಉಂಗುರ ತಂದು ಕೂರಿಸಿದ. ಆಮೇಲೆ ಅದು ಒಮ್ಮೆಯೂ ಸೋರಲಿಲ್ಲ.

ಎರಡನೆಯದು ಹಿಡಿ. ನಸ್ರೀನಳ ಬೆರಳು ಟ್ರಿಗರಿಗೆ ಮುಟ್ಟಬೇಕಾದರೆ ಅಂಗೈ ಹಿಡಿಯಿಂದ ಎದ್ದು ಬರುತ್ತಿತ್ತು. ಅಜೀಮ ಚಪಾತಿ ಹಿಟ್ಟು ಗಟ್ಟಿಯಾಗಿ ನಾದಿ, ಒಂದು ಕಟ್ಟಿಗೆಗೆ ಮೆತ್ತಿ, ಅವಳ ಕೈಗೆ ಕೊಟ್ಟು ಹಿಡಿಯಲು ಹೇಳಿದ. ಅವಳು ಹಿಡಿದಳು. ಅವನು ಅವಳ ಒಂದೊಂದು ಬೆರಳನ್ನೂ ತನ್ನ ಕೈಯಿಂದ ಒತ್ತಿ ಸರಿಯಾಗಿ ಕೂರಿಸಿದ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅವಳ ತೋರುಬೆರಳು ನಡುಬೆರಳಿಗಿಂತ ಬಹಳ ಕಮ್ಮಿಯಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹಿಟ್ಟು ಒಣಗುವತನಕ ಇಬ್ಬರೂ ಹಾಗೇ ಕೂತಿದ್ದರು. ಖಾಸೀಂಬಿ ಬಂದು ನೋಡಿ, "ಹಿಟ್ಟು ಎಷ್ಟ್ ತಗೊಂಡೀರಿ?" ಎಂದು ಕೇಳಿ ಹೋದಳು. ಆ ಅಚ್ಚು ನೋಡಿಕೊಂಡು ಅಜೀಮ ಜಾಲಿ ಕಟ್ಟಿಗೆಯಲ್ಲಿ ಹೊಸ ಹಿಡಿ ಕೆತ್ತಿದ. ನಾಲ್ಕು ಹಿಡಿ ಕೆಟ್ಟವು. ಐದನೆಯದು ಕೂತಿತು.

ಮೂರನೆಯದು ಟ್ರಿಗರು. ನಿಯಮದ ಪ್ರಕಾರ ಟ್ರಿಗರಿಗೆ ಅರ್ಧ ಕಿಲೋ ತೂಗುಹಾಕಿ ಪಿಸ್ತೂಲು ಮೇಲೆತ್ತಿದರೆ ಗುಂಡು ಹಾರಬಾರದು. ಅದಕ್ಕಿಂತ ಹಗುರ ಇರುವಂತಿಲ್ಲ. ಅರ್ಧ ಕಿಲೋಕ್ಕೆ ಸರಿಯಾಗಿ ನಿಲ್ಲಿಸಿದರೆ ಹೊಡೆಯುವವರಿಗೆ ಸುಖ. ಚೀನಾದ್ದು ಆರುನೂರು ಗ್ರಾಮಿಗೆ ನಿಂತಿತ್ತು. ಪಕ್ಕದ ಕಿರಾಣಿಯ ಸಲಾವುದ್ದೀನನಿಂದ ಅರ್ಧ ಕಿಲೋದ ಕಬ್ಬಿಣದ ತೂಕದ ಕಲ್ಲು ಇಸಿದುಕೊಂಡು, ತಂತಿಯಲ್ಲಿ ಕಟ್ಟಿ ತೂಗಿ, ಸಣ್ಣ ಸ್ಕ್ರೂ ತಿರುವುತ್ತಾ ತಿರುವುತ್ತಾ ಅಜೀಮ ಅದನ್ನು ಕೂದಲೆಳೆಯಷ್ಟು ಹತ್ತಿರಕ್ಕೆ ತಂದ. ಆದರೆ ಮುಂದಿನ ಶನಿವಾರ ನೋಡಿದರೆ ಟ್ರಿಗರು ಮತ್ತೆ ಬಿಗಿಯಾಗಿತ್ತು.

"ಚೀನಾದ ಸ್ಪ್ರಿಂಗು," ಎಂದ ಅಜೀಮ. "ಹೇಳಿದ ಮಾತು ಕೇಳಂಗಿಲ್ಲ."

ಪ್ರತಿ ಶನಿವಾರ ಸಂಜೆ ಅವನು ಅದನ್ನು ಸರಿಮಾಡುತ್ತಿದ್ದ. ಪ್ರತಿ ವಾರ ಅದು ಬಿಗಿಯಾಗಿ ಬರುತ್ತಿತ್ತು. ಈ ನಡುವೆ ಅವಳ ಅಂಕ ಐನೂರ ಇಪ್ಪತ್ತೆಂಟಾಯಿತು, ಮೂವತ್ತಾಯಿತು, ಮೂವತ್ತೈದಾಯಿತು. ಅಜೀಮ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಟ್ರಿಗರಿನ ಗುಟ್ಟು ವಿವರಿಸಿದ. ಗೊಬ್ಬೂರಿನ ಒಬ್ಬ ರೈತ ಸುಟ್ಟ ಮೋಟಾರು ಹೆಗಲ ಮೇಲೆ ಹೊತ್ತುಕೊಂಡೇ ಪೂರ್ತಿ ಕೇಳಿದ.

ರಾಜ್ಯ ಮಟ್ಟದ ಸ್ಪರ್ಧೆ ಬೆಂಗಳೂರಿನಲ್ಲಿತ್ತು. ಐನೂರ ನಲವತ್ತು ಹೊಡೆದವರಿಗೆ ಮುಂದಿನ ಹಂತ. ದೇವೀಂದ್ರಪ್ಪ, ಅಜೀಮ, ನಸ್ರೀನ ಮೂವರೂ ಕಲಬುರಗಿಯಿಂದ ರೈಲು ಹಿಡಿದರು. ಅಜೀಮನ ಚೀಲದಲ್ಲಿ ಎರಡು ಸ್ಕ್ರೂಡ್ರೈವರ್, ಒಂದು ಅರ, ರಬ್ಬರ್ ಉಂಗುರದ ಪೊಟ್ಟಣ, ಸಲಾವುದ್ದೀನನ ಅರ್ಧ ಕಿಲೋದ ಕಲ್ಲು. ಹೊರಡುವ ಹಿಂದಿನ ಸಂಜೆ ಟ್ರಿಗರನ್ನು ಅವನು ಎಂದಿಗಿಂತ ನಾಜೂಕಾಗಿ ನಿಲ್ಲಿಸಿದ್ದ.

ಸ್ಪರ್ಧೆಗೆ ಮೊದಲು ಪಿಸ್ತೂಲುಗಳ ತಪಾಸಣೆ. ಉದ್ದ ಸಾಲು. ಸಾಲಿನಲ್ಲಿದ್ದವರ ಪೆಟ್ಟಿಗೆಗಳ ಮೇಲೆ ಅಜೀಮ ವಿಡಿಯೋದಲ್ಲಿ ನೋಡಿದ್ದ ಹೆಸರುಗಳೆಲ್ಲ ಇದ್ದವು. ಅವನು ಒಂದೊಂದನ್ನೂ ನೋಡಿ, ಹಳೆಯ ಪರಿಚಯದವರನ್ನು ಕಂಡಂತೆ ತಲೆಯಾಡಿಸಿದ. ಸಾಲಿನ ಪಕ್ಕದಲ್ಲಿ ಒಂದು ಮೇಜಿನ ಮೇಲೆ ಪಿಸ್ತೂಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಅದನ್ನು ಯಾರು ಬೇಕಾದರೂ ಬಳಸಬಹುದಿತ್ತು. ಅಜೀಮ ಸುಮ್ಮನಿರಲಾರದೆ ತನ್ನ ಕಲ್ಲನ್ನು ಅದರ ಮೇಲಿಟ್ಟ.

ನಾನೂರ ಎಂಬತ್ತೆರಡು ಗ್ರಾಂ.

ತೆಗೆದು ಮತ್ತೆ ಇಟ್ಟ. ನಾನೂರ ಎಂಬತ್ತೆರಡು.

ಮೇಜಿನ ಹಿಂದಿದ್ದ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಕಲ್ಲನ್ನು ನೋಡಿದರು. "ಇದರಲ್ಲಿ ಏನು ತೂಗ್ತೀರಿ?"

"ನಾ ಅಲ್ರಿ. ಸಲಾವುದ್ದೀನ. ಸಕ್ಕರಿ."

"ಎಷ್ಟು ವರ್ಷದಿಂದ?"

"ಅವರಪ್ಪನ ಕಾಲದಿಂದ್ರಿ."

ಹದಿನೆಂಟು ಗ್ರಾಂ ಹಗುರದ ಟ್ರಿಗರು ಪೆಟ್ಟಿಗೆಯಲ್ಲಿ ಕೂತಿತ್ತು, ಪೆಟ್ಟಿಗೆ ನಸ್ರೀನಳ ಕೈಯಲ್ಲಿತ್ತು, ನಸ್ರೀನ ಆಗಲೇ ಸಾಲಿನ ತುದಿ ಮುಟ್ಟಿದ್ದಳು. ಅವನು ಓಡಿದ. ಹಗ್ಗದ ಆಚೆ ಬಿಡಲಿಲ್ಲ. ಹಗ್ಗದ ಈಚೆಯಿಂದಲೇ ನೋಡಿದ. ತಪಾಸಣೆಯಾಕೆ ಪಿಸ್ತೂಲನ್ನು ಅಳತೆಯ ಪೆಟ್ಟಿಗೆಯೊಳಗಿಟ್ಟು ತೆಗೆದಳು. ಜಾಲಿ ಹಿಡಿಯನ್ನು ಬೆರಳಿಂದ ಸವರಿ ಪಕ್ಕದವರಿಗೆ ಏನೋ ಹೇಳಿದಳು. ಆಮೇಲೆ ತೂಕವನ್ನು ಟ್ರಿಗರಿಗೆ ಸಿಕ್ಕಿಸಿ ನಿಧಾನ ಮೇಲೆತ್ತಿದಳು. ಅಜೀಮ ಕಣ್ಣು ಮುಚ್ಚಿದ.

ಏನೂ ಸದ್ದಾಗಲಿಲ್ಲ. ಇನ್ನೊಮ್ಮೆ ಎತ್ತಿದಳು. ಟ್ರಿಗರು ಜಗ್ಗಲಿಲ್ಲ. ಪಿಸ್ತೂಲಿಗೆ ಹಸಿರು ಚೀಟಿ ಅಂಟಿಸಿ ಕೊಟ್ಟರು.

ನಸ್ರೀನ ಹೊರಗೆ ಬಂದ ಕೂಡಲೇ ಅವನು ಎದುರಿಗೆ ಹೋದ. "ಹೆಂಗ ಪಾಸಾಯ್ತು?" ಎಂದ. "ನಾ ಇಟ್ಟದ್ದು ನಾನೂರಾ ಎಂಬತ್ತೆರಡಕ್ಕ ಇತ್ತು. ಸಲಾವುದ್ದೀನನ ಕಲ್ಲು ಕಮ್ಮಿ ಅದ."

ನಸ್ರೀನ ಪೆಟ್ಟಿಗೆ ಕೆಳಗಿಟ್ಟಳು.

"ನಾ ಬಿಗಿ ಮಾಡ್ತಿದ್ದೆ."

"ಯಾವಾಗ?"

"ಪ್ರತಿ ಆಯಿತವಾರ. ಆಳಂದಕ್ಕ ಹೋದ ಕೂಡ್ಲೆ. ಈ ಸಲ ರೈಲಿನ್ಯಾಗ, ನೀವು ಮಲಗಿದ ಮ್ಯಾಲ. ದೇವೀಂದ್ರಪ್ಪ ಸರ್ ಸ್ಕ್ರೂಡ್ರೈವರ್ ಕೊಡ್ತಿದ್ರು."

ಅಜೀಮ ದೇವೀಂದ್ರಪ್ಪನವರ ಕಡೆ ನೋಡಿದ. ಅವರು ಗೋಡೆಗೆ ಅಂಟಿಸಿದ್ದ ನಿಯಮಗಳನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

"ಸ್ಪ್ರಿಂಗು..." ಎಂದ ಅಜೀಮ.

"ಸ್ಪ್ರಿಂಗು ಛಲೋ ಅದ್ರಿ. ಅದರದ್ದೇನೂ ತಪ್ಪಿಲ್ಲ. ಅಷ್ಟ್ ಹಗೂರ ಆದ್ರ ನಾ ಬೇಡ ಅನ್ನೂದ್ರಾಗ ಹಾರಿ ಹೋಗ್ತದ. ನನಗ ಬೆರಳಿಗೆ ಸ್ವಲ್ಪ ಭಾರ ಬೇಕು. ಸಿರಿಂಜ್ ಒತ್ತಿ ಒತ್ತಿ ರೂಢಿ."

"ಹೇಳಬೇಕಿಲ್ಲೇನು?"

"ನೀವು ಭಾಳ ಖುಷಿಲೆ ತಿರವ್ತಿದ್ರಿ."

ಅವನು ಬೆಂಚಿನ ಮೇಲೆ ಕೂತ. ಗೊಬ್ಬೂರಿನ ರೈತ ನೆನಪಾದ. ಹೆಗಲ ಮೇಲಿನ ಮೋಟಾರು ಸಮೇತ.

ನಸ್ರೀನಳೂ ಪಕ್ಕದಲ್ಲಿ ಕೂತಳು. "ಹಿಡಿ ನಿಮ್ದ ಅದ," ಎಂದಳು. "ಅದಕ್ಕ ನಾ ಕೈ ಹಚ್ಚಿಲ್ಲ. ಆಕಿ ಒಳಗ ಕೇಳಿದ್ಲು, ಇದು ಯಾವ ಕಂಪನಿದು ಅಂತ." ಆಮೇಲೆ ಎದ್ದು ತನ್ನ ಸರದಿಗೆ ಹೋದಳು. ಏನು ಉತ್ತರ ಕೊಟ್ಟಳೆಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ಅವನಿಗಾಗಲಿಲ್ಲ.

ಅರವತ್ತು ಗುಂಡು ಮುಗಿಯಲು ಒಂದು ತಾಸಿನ ಮೇಲಾಯಿತು. ಪಿಸ್ತೂಲು ಸೋರಲಿಲ್ಲ, ಸಿಕ್ಕಿಕೊಳ್ಳಲಿಲ್ಲ, ಕೈಕೊಡಲಿಲ್ಲ. ಅಜೀಮ ಚೀಲದ ರಬ್ಬರ್ ಉಂಗುರಗಳನ್ನು ಕೈಯಲ್ಲೇ ಹಿಡಿದು ಕೂತಿದ್ದ, ಅವು ಯಾರಿಗೂ ಬೇಕಾಗಲಿಲ್ಲ. ನಲವತ್ತನೆಯ ಗುಂಡಿನ ತನಕ ಅವಳು ಐನೂರ ನಲವತ್ತು ಮುಟ್ಟುವ ಲೆಕ್ಕದಲ್ಲೇ ಇದ್ದಳು. ಆಮೇಲೆ ತೋಳು ಸೋತಿತು. ಕೊನೆಯ ಹತ್ತು ಗುಂಡುಗಳಲ್ಲಿ ಎರಡು ಏಳಕ್ಕೆ ಬಿದ್ದವು. ಒಟ್ಟು ಐನೂರ ಮೂವತ್ತೆಂಟು. ಎರಡು ಅಂಕ ಕಮ್ಮಿ.

ರೈಲಿನಲ್ಲಿ ಅವಳು ನಿದ್ದೆ ಹೋದಳು. ಅಜೀಮನಿಗೆ ನಿದ್ದೆ ಬರಲಿಲ್ಲ. ಎರಡು ಅಂಕ ಎಂದರೆ ಏನು, ಎರಡು ಅಂಕವನ್ನು ಜರ್ಮನಿಯದು ಕಣ್ಣು ಮುಚ್ಚಿ ಕೊಡುತ್ತಿತ್ತು ಎಂದು ರಾಯಚೂರು ದಾಟುವತನಕ ತನ್ನನ್ನೇ ಬೈದುಕೊಂಡ. ತಾನು ಚೀನಾದ್ದನ್ನು ತಂದದ್ದು ಅವಳಿಗಾಗಿ ಅಲ್ಲ, ತನ್ನ ಸ್ಕ್ರೂಡ್ರೈವರಿಗಾಗಿ ಎಂದು ಅವನಿಗೆ ಆ ಸೀಟಿನ ಮೇಲೆ ಕೂತಾಗ ಗೊತ್ತಾಯಿತು. ಎಬ್ಬಿಸಿ ಹೇಳಬೇಕೆನಿಸಿತು. ಅವಳ ಬಲಗೈ ಮಡಿಲಲ್ಲಿ ಬೆರಳು ಬಿಚ್ಚಿ ಬಿದ್ದಿತ್ತು. ಎಬ್ಬಿಸಲಿಲ್ಲ.

ಹದಿನೈದು ದಿನಕ್ಕೆ ದೇವೀಂದ್ರಪ್ಪ ಫೋನ್ ಮಾಡಿದರು. ಜೇವರ್ಗಿಯಲ್ಲಿ ಮಧುಮತಿ ಎಂಬ ಪಶುವೈದ್ಯೆ ತಮ್ಮ ಜರ್ಮನಿ ಪಿಸ್ತೂಲು ಮಾರುತ್ತಾರಂತೆ. ಸಿಲಿಂಡರಿಗೆ ಇನ್ನೂ ನಾಲ್ಕು ವರ್ಷ ಆಯುಷ್ಯವಿದೆ. ಒಂದು ಎಮ್ಮೆ ಹಗ್ಗ ಜಗ್ಗಿ ಅವರ ಭುಜದ ಕೀಲು ತಪ್ಪಿತ್ತು, ಇನ್ನು ತೋಳು ಚಾಚಿ ನಿಲ್ಲುವುದು ಆಗುವುದಿಲ್ಲ. ಅಜೀಮ ಮರುದಿನವೇ ಅಂಗಡಿ ಮುಚ್ಚಿ ಹೆಂಡತಿಯನ್ನು ಕರೆದುಕೊಂಡು ಜೇವರ್ಗಿಯ ಬಸ್ ಹತ್ತಿದ.

ಮಧುಮತಿ ಮನೆಯ ಹಿಂದಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಹತ್ತು ಮೀಟರ್ ಅಳೆದು ಗುರಿ ಕಟ್ಟಿಕೊಂಡಿದ್ದರು. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಎಡಗೈಯಿಂದಲೇ ಪೆಟ್ಟಿಗೆ ತೆರೆದರು. ಅಜೀಮ ಒಳಗೆ ನೋಡಿದ. ಕೈ ಹಚ್ಚಲು ಅದರಲ್ಲಿ ಅವನಿಗೆ ಒಂದು ಜಾಗವೂ ಕಾಣಲಿಲ್ಲ.

"ಹೊಡೀರಿ ಸಿಸ್ಟರ್. ಹತ್ತು ಇದ್ರಾಗ, ಹತ್ತು ನಿಮ್ದ್ರಾಗ," ಎಂದರು ಮಧುಮತಿ.

ನಸ್ರೀನ ಮೊದಲು ತನ್ನದರಲ್ಲಿ ಹೊಡೆದಳು. ತೊಂಬತ್ತು ಬಂತು. ಆಮೇಲೆ ಜರ್ಮನಿಯದರಲ್ಲಿ ಹೊಡೆದಳು. ತೊಂಬತ್ತಮೂರು. ಪಿಸ್ತೂಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಹೆಂಗದ?" ಎಂದ ಅಜೀಮ. ಒಳಗೊಳಗೇ ಅವನು ಒಂದು ಉತ್ತರ ಬಯಸಿದ್ದ.

"ಇದು ಛಲೋ ಅದ."

"ನಮ್ದಕಿಂತ?"

"ನಮ್ದಕಿಂತ ಛಲೋ ಅದ. ಸುಳ್ಳ ಯಾಕ ಹೇಳ್ಲಿ? ಗುಂಡು ಹೋದ್ರೂ ಕೈಯಾಗ ಗೊತ್ತ ಆಗಂಗಿಲ್ಲ."

ಮಧುಮತಿ ನಕ್ಕರು. "ನೀವು ಬೆಂಗಳೂರಾಗ ಎಷ್ಟ್ ಹೊಡದ್ರಿ ಸಿಸ್ಟರ್?"

"ಐನೂರಾ ಮೂವತ್ತೆಂಟ್ರಿ."

"ನಾ ಆರು ವರ್ಷ ಇದ್ರಾಗ ಹೊಡದೇನಿ. ನನ್ನ ಎಲ್ಲಾಕಿಂತ ಹೆಚ್ಚಿಂದು ಐನೂರಾ ಇಪ್ಪತ್ತೊಂಬತ್ತು." ಅವರು ಅದನ್ನು ರೋಗಿಯ ಜ್ವರ ಹೇಳುವಂತೆ ಹೇಳಿದರು. "ಮಾರಾಕ ಕುಂತಾಕಿ ಇದನ್ನ ಹೇಳಬಾರದು. ಆದ್ರೂ ಹೇಳೇನಿ."

ಅಜೀಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಹತ್ತು ಗುಂಡಿಗೆ ಮೂರು, ಅರವತ್ತಕ್ಕೆ ಹದಿನೆಂಟು ಎಂದು ಬೆರಳಲ್ಲಿ ಎಣಿಸುತ್ತಿದ್ದ. "ತಗೊಳ್ಳೂಣು," ಎಂದ. "ನಂದ ತಪ್ಪಾಯ್ತು, ನಸ್ರೀನ. ಆಗಲೇ ತರಬೇಕಿತ್ತು. ನಾ ನಿನ್ನ ನೋಡ್ಲಿಲ್ಲ, ಮಿಷನ್ ನೋಡಿದೆ."

ನಸ್ರೀನ ಗುರಿಯ ಕಾಗದಗಳನ್ನು ಮಡಚುತ್ತಿದ್ದಳು.

"ಬೆಂಗಳೂರಾಗ ನಲವತ್ತರ ತನಕ ಪಿಸ್ತೂಲು ಹೊಡೀತು," ಎಂದಳು. "ನಲವತ್ತರ ಮ್ಯಾಲ ಸೋತದ್ದು ನಾನು. ಪಿಸ್ತೂಲಲ್ಲ. ವಾರಕ್ಕ ಒಮ್ಮಿ ಹೊಡದ್ರ ತೋಳು ಇಷ್ಟ. ನನಗ ಬುಧವಾರ ಬೇಕು."

"ಬುಧವಾರ ಏನು?"

"ಬುಧವಾರ ನಂದು ಮುಂಜಾನಿ ಡ್ಯೂಟಿ. ಎರಡಕ್ಕ ಮುಗೀತದ. ಎರಡೂವರಿ ಬಸ್ಸಿಗೆ ಆಳಂದಕ್ಕ ಹೋದ್ರ ರಾತ್ರಿ ಊಟದ ಹೊತ್ತಿಗೆ ಬರ್ತೇನಿ. ಅವತ್ತ ಅಡಿಗಿ ನೀವು ಮಾಡ್ರಿ. ಅಮ್ಮಾಗ ಗುಳಿಗಿ ಕೊಡ್ರಿ." ಆಮೇಲೆ ಸೇರಿಸಿದಳು, "ಮತ್ತ ನಾ ಗ್ವಾಡಿ ಮುಂದ ನಿಂತಾಗ ಮಾತಾಡಬ್ಯಾಡ್ರಿ. ಎರಡು ವರ್ಷ ಆಯ್ತು ಹೇಳಬೇಕಂತ."

ಮಧುಮತಿ ಪೆಟ್ಟಿಗೆಯ ಮುಚ್ಚಳ ಮುಚ್ಚಿ, "ಚಹಾ ಇಡ್ತೇನಿ," ಎಂದು ಒಳಗೆ ಹೋದರು.

"ಅಡಿಗಿ," ಎಂದ ಅಜೀಮ.

"ಹೂಂ."

"ಪಿಸ್ತೂಲ ತಗೊಳ್ಳೂದ ಸಸಾರ ಇತ್ತು."

"ಅದಕ್ಕ ಕೇಳಿರ್ಲಿಲ್ಲ ಇಷ್ಟ ದಿನ."

ಒಂದು ತಿಂಗಳಲ್ಲಿ ಆ ಜರ್ಮನಿ ಕಲಬುರಗಿಯ ಯಾರಿಗೋ ಹೋಯಿತು. ಸುದ್ದಿ ಕೇಳಿದ ದಿನ ಅಜೀಮ ಒಂದು ಮೋಟಾರನ್ನು ಎರಡು ಸಲ ತಪ್ಪಾಗಿ ಸುತ್ತಿದ. ಆದರೆ ಅಷ್ಟು ಹೊತ್ತಿಗೆ ನಾಲ್ಕು ಬುಧವಾರಗಳು ಆಗಿದ್ದವು. ಮೊದಲನೆಯ ಬುಧವಾರ ಅವನು ಮಾಡಿದ ರೊಟ್ಟಿಯನ್ನು ಖಾಸೀಂಬಿ ಬೆಳಕಿಗೆ ಹಿಡಿದು ನೋಡಿ ತಟ್ಟೆಯಲ್ಲಿಟ್ಟಿದ್ದಳು. ನಾಲ್ಕನೆಯ ಬುಧವಾರ ಏನೂ ಅನ್ನದೆ ತಿಂದಳು. ಬೆಳಿಗ್ಗೆ ನಸ್ರೀನ ಗೋಡೆಯ ಮುಂದೆ ನಿಂತಾಗ ಅವನು ಅಂಗಳಕ್ಕೆ ಹೋಗಿ ಕೂರುತ್ತಿದ್ದ. ಹೇಳಬೇಕಾದ ಮಾತುಗಳನ್ನು ಅವಳು ಬಂದ ಮೇಲೆ ಹೇಳುತ್ತಿದ್ದ. ಹಾಗೆ ಕಾದಾಗ ಅವುಗಳಲ್ಲಿ ಅರ್ಧ ಹೇಳುವಂಥವೇ ಅಲ್ಲ ಎಂದು ಗೊತ್ತಾಗುತ್ತಿತ್ತು.

ಮರುವರ್ಷದ ಸ್ಪರ್ಧೆಗೆ ನಸ್ರೀನ ದೇವೀಂದ್ರಪ್ಪನವರ ಮತ್ತು ಕ್ಲಬ್ಬಿನ ಇಬ್ಬರು ಹೆಣ್ಣುಮಕ್ಕಳ ಜೊತೆ ಹೋದಳು. ಅಜೀಮ ಹೋಗಲಿಲ್ಲ. ಖಾಸೀಂಬಿಗೆ ಕಾಲು ಊದಿತ್ತು, ಮನೆಯಲ್ಲಿ ಒಬ್ಬರು ಇರಬೇಕಿತ್ತು. ಮಧ್ಯಾಹ್ನ ಬೇಳೆ ಒಲೆಯ ಮೇಲಿದ್ದಾಗ ಫೋನ್ ಬಂತು.

"ಐನೂರಾ ನಲವತ್ತಾರು," ಎಂದಳು ನಸ್ರೀನ. ಅವಳ ಹಿಂದೆ ಬಹಳ ಗದ್ದಲವಿತ್ತು.

ಅವನು ಗೋಡೆಗೆ ಒರಗಿ ನಿಂತ. "ಕಡೀ ಹತ್ತು?"

"ತೊಂಬತ್ತೆರಡು."

"ತೋಳು?"

"ಇನ್ನೂ ಅದ."

ಅವನಿಗೆ ಇನ್ನೇನೋ ಹೇಳಬೇಕಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು, "ಅಡಿಗಿ ಏನ್ ಮಾಡೀರಿ?"

"ಬ್ಯಾಳಿ," ಎಂದ. ಆಗ ವಾಸನೆ ಬಂತು. "ತಳ ಹತ್ತಾಕತ್ತದ. ನಿಂದ್ರು."

"ಹೋಗ್ರಿ, ಮೊದ್ಲ ಇಳಸ್ರಿ," ಎಂದಳು ನಸ್ರೀನ. ಅವನು ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಒಲೆಯ ಕಡೆ ಓಡಿದ. ಅವಳು ಫೋನ್ ಇಡಲಿಲ್ಲ.